ಕೊಡಗಿನಿಂದಲೇ ನೆಟ್‌ವರ್ಕ್ ಅಡ್ಮಿನ್ ಕೆಲಸಕ್ಕೆ: ತಂತಿಯಿಂದ ಶುರು ಮಾಡುವ ದಾರಿ

ಈ ಕೆಲಸಕ್ಕೆ ಬಂದರೆ ದಿನಾ ಕೇಳುವ ದೂರು ಒಂದೇ: "ನೆಟ್ ಬರ್ತಿಲ್ಲ." ಹೇಳುವವರು ಮಾತ್ರ ಬೇರೆ ಬೇರೆ. ತೋಟದ ಲೆಕ್ಕ ನೋಡುವ ರೈಟರ್, ಹೋಂಸ್ಟೇ ನಡೆಸುವ ಆಂಟಿ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹುಡುಗಿ, ಬ್ಯಾಂಕ್ ಮ್ಯಾನೇಜರ್. ಅವರಿಗೆ ಅದು ಎರಡು ಮಾತು, ನಮಗೆ ಹತ್ತು ಕಾಯಿಲೆ. ಕರೆಂಟ್ ಹೋಗಿರಬಹುದು. ಸಿಲ್ವರ್ ಮರ ಬಿದ್ದು ಫೈಬರ್ ತುಂಡಾಗಿರಬಹುದು. ಕಸ ಗುಡಿಸುವಾಗ ಯಾರೋ ಪ್ಲಗ್ ಎಳೆದಿರಬಹುದು. ವೆಬ್‌ಸೈಟ್ ಹೆಸರನ್ನು ವಿಳಾಸದ ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿರಬಹುದು. ಎಲ್ಲಿ ಕೆಟ್ಟಿದೆ ಅಂತ ಹುಡುಕೋದೇ ಈ ಕೆಲಸದ ಮುಕ್ಕಾಲು ಪಾಲು. ಮತ್ತೆ ಕೆಡದ ಹಾಗೆ ಕಟ್ಟೋದು, ಕಟ್ಟಿದ್ದನ್ನು ಬರೆದಿಡೋದು ಉಳಿದ ಕಾಲು ಪಾಲು.

ಹಾಗೆ ನೋಡಿದರೆ ಇದನ್ನು ಕಲಿಯೋಕೆ ನಮ್ಮ ಜಿಲ್ಲೆ ಒಳ್ಳೆಯ ಜಾಗ. ಬೆಂಗಳೂರಿನ ಎಸಿ ರೂಮಿನಲ್ಲಿ ಕೂತ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್ ಬಂದು ಸೇರುವ ಪೆಟ್ಟಿಗೆ) ವರ್ಷಗಟ್ಟಲೆ ತೊಂದರೆ ಕೊಡೋದಿಲ್ಲ. ಇಲ್ಲಿ ಏಪ್ರಿಲ್ ಸಿಡಿಲಿಗೆ ಒಂದು ಹೋಗುತ್ತದೆ, ಕಕ್ಕಡದ ಗಾಳಿ ಮಳೆಗೆ ಇನ್ನೊಂದು. ಕೆಟ್ಟಷ್ಟೂ ಕಲಿಯುತ್ತೀರಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕೂತು, ಲಕ್ಷ ರೂಪಾಯಿ ಕೋರ್ಸಿಗೆ ಸೇರದೆ, ಮೊದಲ ಕೆಲಸದವರೆಗೆ ಹೋಗುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ನಾನು ನಡೆದದ್ದು ಹೆಚ್ಚು ಕಡಿಮೆ ಇದೇ ದಾರಿ. ನಡುವೆ ಎಡವಿದ್ದೂ ಇದೆ.

ಓದಿನ ಬಗ್ಗೆ ಎರಡು ಮಾತು

ಐಟಿಐನಲ್ಲಿ ಒಂದು ವರ್ಷದ ಕೋಪಾ (ಕಂಪ್ಯೂಟರ್ ಆಪರೇಟರ್ ಕೋರ್ಸ್) ಮಾಡಿದವರು, ಡಿಪ್ಲೊಮಾದವರು, ಬಿಸಿಎ, ಬಿಇ, ಬಿಕಾಂ ಮಾಡಿ ಕಂಪ್ಯೂಟರ್ ಅಂಗಡಿಯಲ್ಲಿ ಪಳಗಿದವರು, ಎಲ್ಲರೂ ಈ ಕೆಲಸದಲ್ಲಿದ್ದಾರೆ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಸಿಐಟಿ (ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಇದೆ. ಅಲ್ಲಿ ಓದುತ್ತಿದ್ದರೆ ಲ್ಯಾಬಿನ ಸ್ವಿಚ್ ಮುಟ್ಟೋಕೆ ಬಿಡಿ ಅಂತ ಇವತ್ತೇ ಕೇಳಿ. ನಾಚಿಕೆ ಬೇಡ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಸರ್ಟಿಫಿಕೇಟ್ ಆಸೆಗೆ ಡಿಗ್ರಿಯನ್ನು ಅರ್ಧಕ್ಕೆ ಬಿಡಬೇಡಿ. ಎಷ್ಟೋ ಕಂಪನಿಗಳು ಡಿಗ್ರಿ ಇಲ್ಲದ ಅರ್ಜಿಯನ್ನು ತೆರೆದೂ ನೋಡೋದಿಲ್ಲ.

ಹೆಜ್ಜೆ 1: ತಂತಿ ಕೈಗೆ ಬರಲಿ

ಎಲ್ಲರೂ ನೆಟ್‌ವರ್ಕ್ ಕೆಲಸವನ್ನು ಏಳು ಪದರ ಮಾಡಿ ವಿವರಿಸುವ ಪುಸ್ತಕದ ಓಎಸ್‌ಐ ಮಾದರಿಯಿಂದ ಶುರು ಮಾಡುತ್ತಾರೆ. ನೀವು ಮೊದಲ ಪದರವನ್ನು, ಅಂದರೆ ತಂತಿಯನ್ನು, ಕೈಯಲ್ಲೇ ಮುಟ್ಟಿ ನೋಡಿ. ಒಂದು ಕ್ರಿಂಪಿಂಗ್ ಟೂಲ್, ಒಂದು ಕೇಬಲ್ ಟೆಸ್ಟರ್, ಒಂದು ಚೀಲ ಆರ್‌ಜೆ45 ಕನೆಕ್ಟರ್, ಹತ್ತು ಮೀಟರ್ ಕ್ಯಾಟ್6 ಕೇಬಲ್ ಕೊಳ್ಳಿ. ಎಂಟು ಎಳೆಯ ಬಣ್ಣದ ಸಾಲು ಬಾಯಿಪಾಠ ಆಗಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಳೆಗಳನ್ನು ನೇರ ಮಾಡಿ, ತುದಿ ಸಮ ಕತ್ತರಿಸಿ, ಕನೆಕ್ಟರ್ ಒಳಗೆ ಕೊನೆವರೆಗೂ ದೂಡಿ, ಎದುರಿನಿಂದ ಎಂಟು ತಾಮ್ರದ ಚುಕ್ಕೆ ಕಾಣುತ್ತಿದೆಯಾ ನೋಡಿ, ಆಮೇಲೆ ಒತ್ತಿ. ಕೇಬಲ್‌ನ ಹೊರಗಿನ ಸಿಪ್ಪೆಯೂ ಕನೆಕ್ಟರ್ ಹಲ್ಲಿನ ಕೆಳಗೆ ಸಿಕ್ಕಿಕೊಂಡಿರಬೇಕು. ಇಲ್ಲದಿದ್ದರೆ ನಾಳೆ ಯಾರೋ ಎಳೆದಾಗ ಬಿಟ್ಟುಹೋಗುತ್ತದೆ. ಮೊದಲ ಹತ್ತು ಹಾಳಾಗುತ್ತವೆ. ಆಗಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀಲಿ ಅಥವಾ ಕಂದು ಜೋಡಿ ಸರಿಯಾಗಿ ಕೂರದಿದ್ದರೆ ನೆಟ್ ಪೂರ್ತಿ ನಿಲ್ಲೋದಿಲ್ಲ, ಗಿಗಾಬಿಟ್ (1000 ಎಂಬಿಪಿಎಸ್) ಇದ್ದದ್ದು ಸಾಮಾನ್ಯವಾಗಿ 100 ಎಂಬಿಪಿಎಸ್‌ಗೆ ಇಳಿಯುತ್ತದೆ. "ಬರ್ತದೆ, ಆದರೆ ನಿಧಾನ" ಅಂತ ಯಾರಾದರೂ ಅಂದರೆ, ಪ್ಲಾನ್ ಬದಲಿಸೋಕೆ ಹೇಳುವ ಮೊದಲು ಆ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ ನೋಡಿ.

ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಚ್ಚಿದ ಅಗ್ಗದ ಕೇಬಲ್ ಬರುತ್ತದೆ. ನಮ್ಮ ಥಂಡಿಗೆ ಅದು ಬೇಗ ಕೈಕೊಡುತ್ತದೆ, ಕ್ಯಾಮೆರಾಕ್ಕೆ ಅದೇ ತಂತಿಯಲ್ಲಿ ಕರೆಂಟ್ ಕಳಿಸಿದರೆ ಬಿಸಿಯೂ ಆಗುತ್ತದೆ.

ಇಂಥ ತಾಮ್ರದ ಈಥರ್‌ನೆಟ್ ಕೇಬಲ್‌ಗೆ ಮಿತಿ 100 ಮೀಟರ್. ತೋಟದ ಬಂಗಲೆಯಿಂದ ಗೇಟಿಗೆ 180 ಮೀಟರ್ ಇದ್ದರೆ? ಹೊಸಬರು ನಡುವೆ ಒಂದು ಸ್ವಿಚ್ ಇಟ್ಟು ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ. ಮೊದಲ ಸಿಡಿಲಿಗೆ ಅದು ಸುಡುತ್ತದೆ, ಜೊತೆಗೆ ಎರಡೂ ತುದಿಯ ಸಾಮಾನನ್ನೂ ಸುಡುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ತಾಮ್ರದ ತಂತಿಗೆ ಬದಲಿಸುವ ಪೆಟ್ಟಿಗೆ) ಹಾಕಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯೋದಿಲ್ಲ. ಆದರೆ ಮೇಲಿಂದ ಎಳೆಯುವ ಡ್ರಾಪ್ ಕೇಬಲ್‌ನಲ್ಲಿ ಭಾರ ತಡೆಯೋಕೆ ಒಂದು ಉಕ್ಕಿನ ತಂತಿ ಇರುತ್ತದಲ್ಲ, ಅದನ್ನು ಗೋಡೆಯ ಹೊರಗೇ ಕಟ್ಟಿ ಅಲ್ಲೇ ಕತ್ತರಿಸಿ. ಒಳಗೆ ತಂದರೆ ಸಿಡಿಲಿಗೆ ನೀವೇ ದಾರಿ ತೋರಿಸಿದ ಹಾಗೆ.

ವೈರ್‌ಲೆಸ್ ಲಿಂಕ್ ಹಾಕೋಣ ಅಂದುಕೊಂಡರೆ ಮರ ನೋಡಿ. 5 ಗಿಗಾಹರ್ಟ್ಸ್ ಸಿಗ್ನಲ್‌ಗೆ ಮಂಜು ಅಷ್ಟೇನೂ ಅಡ್ಡಿ ಅಲ್ಲ, ಒದ್ದೆ ಎಲೆ ದೊಡ್ಡ ಅಡ್ಡಿ. ಮರಗಸಿ (ನೆರಳುಮರದ ಕೊಂಬೆ ಕಡಿಯುವ ಕೆಲಸ) ಮುಗಿದ ವಾರ ಲಿಂಕ್ ಹಾಕಿ "ಸೂಪರ್ ಆಗಿ ಬರ್ತದೆ" ಅಂತ ದುಡ್ಡು ತಗೊಂಡು ಹೋದವರು ಚಿಗುರು ಬಂದ ಮೇಲೆ ಫೋನ್ ಎತ್ತೋದಿಲ್ಲ!

ಹೆಜ್ಜೆ 2: ವಿಳಾಸದ ಲೆಕ್ಕ

ತುಂಬ ಜನ ಬಿಟ್ಟುಹೋಗುವುದು ಇಲ್ಲೇ. ಸುಮ್ನೆ ಹೆದರುತ್ತಾರೆ. ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಐಪಿವಿ4 ವಿಳಾಸ ಅಂದರೆ 32 ಬಿಟ್ (0 ಅಥವಾ 1), ಎಂಟೆಂಟರ ನಾಲ್ಕು ಗುಂಪು. 192.168.10.0/24 ಅಂದರೆ ಮೊದಲ 24 ಬಿಟ್ ನೆಟ್‌ವರ್ಕ್‌ನ ಹೆಸರು, ಉಳಿದ 8 ಬಿಟ್ ಒಳಗಿನ ಸಾಧನಗಳಿಗೆ. 8 ಬಿಟ್‌ಗೆ 256 ಸಂಖ್ಯೆ. ಮೊದಲನೆಯದು ನೆಟ್‌ವರ್ಕ್‌ಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ, ಅಂದರೆ ಎಲ್ಲ ಸಾಧನಕ್ಕೂ ಒಟ್ಟಿಗೆ ಹೇಳೋಕೆ. ಬಳಸೋಕೆ ಸಿಗೋದು 254.

ಈಗ ಇದನ್ನು ತೋಟವನ್ನು ಬ್ಲಾಕ್ ಮಾಡುವ ಹಾಗೆ ನಾಲ್ಕು ಮಾಡಿ. /26 ಹಾಕಿದರೆ ಒಂದೊಂದರಲ್ಲಿ 64 ಸಂಖ್ಯೆ, ಬಳಸೋಕೆ 62. ಹೋಂಸ್ಟೇ ಒಂದಕ್ಕೆ ಹೀಗೆ ಹಂಚಬಹುದು: 0ರಿಂದ 63 ಆಫೀಸಿಗೆ, 64ರಿಂದ 127 ಅತಿಥಿಗಳಿಗೆ, 128ರಿಂದ 191 ಕ್ಯಾಮೆರಾಗಳಿಗೆ, 192ರಿಂದ 255 ಮುಂದಕ್ಕೆ ಇರಲಿ ಅಂತ ಖಾಲಿ. ಅತಿಥಿಗಳ ಬ್ಲಾಕ್‌ನ ಮೊದಲ ಬಳಕೆಯ ವಿಳಾಸ 65, ಕೊನೆಯದು 126. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ, ಅಲ್ವಾ? ದಿನಕ್ಕೆ ಐದು ಇಂಥ ಲೆಕ್ಕ ಕಾಗದದ ಮೇಲೆ ಮಾಡಿ. ಎರಡು ವಾರದಲ್ಲಿ ಬಾಯಿಲೆಕ್ಕ ಆಗುತ್ತದೆ.

ಜೊತೆಗೆ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಗೇಟ್‌ವೇ ಅಂದರೆ ಹೊರಗೆ ಹೋಗುವ ಬಾಗಿಲು. ಡಿಎಚ್‌ಸಿಪಿ ಅಂದರೆ ವಿಳಾಸ ಹಂಚುವವನು. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ಸಂಖ್ಯೆ ಹೇಳುವವನು. ಕಂಪ್ಯೂಟರಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಡಿಎಚ್‌ಸಿಪಿ ಸಿಕ್ಕಿಲ್ಲ ಅಂತ ಅರ್ಥ. ಅದು ತಾನೇ ಒಂದು ಸಂಖ್ಯೆ ಹಾಕಿಕೊಂಡು ಕೂತಿದೆ.

128 ಬಿಟ್‌ನ ಹೊಸ ವಿಳಾಸ ಪದ್ಧತಿ ಐಪಿವಿ6 ಅನ್ನು ಆಮೇಲೆ ನೋಡೋಣ ಅಂತ ಪೂರ್ತಿ ಬಿಡಬೇಡಿ. ನಿಮ್ಮ ಮೊಬೈಲ್ ಈಗಾಗಲೇ ಅದರಲ್ಲಿ ಓಡುತ್ತಿರಬಹುದು.

ಹೆಜ್ಜೆ 3: ಮನೆಯ ಲ್ಯಾಬ್

8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್ ಸಾಕು. ರೂಟರ್, ಸ್ವಿಚ್ ಮಾಡುವ ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ರೂಟರ್, ಸ್ವಿಚ್ ಎಳೆದಿಟ್ಟು ನಿಜವಾದ ಕಮಾಂಡ್‌ಗಳಲ್ಲೇ ಜೋಡಿಸಬಹುದು. ಒಮ್ಮೆ ಇಳಿಸಿಕೊಂಡು ಲಾಗಿನ್ ಆಗಿಟ್ಟುಕೊಂಡರೆ ದಿನವಿಡೀ ನೆಟ್ ಇಲ್ಲದಿದ್ದರೂ ಅಭ್ಯಾಸ ನಿಲ್ಲೋದಿಲ್ಲ. ನಮ್ಮೂರಿಗೆ ಇದು ದೊಡ್ಡ ವಿಷಯ.

ಅದರಲ್ಲಿ ಈ ಸಾಲಿನಲ್ಲಿ ಹೋಗಿ: ಎರಡು ಕಂಪ್ಯೂಟರ್, ಒಂದು ಸ್ವಿಚ್. ಆಮೇಲೆ ಎರಡು ವಿಎಲ್ಯಾನ್, ಅಂದರೆ ಒಂದೇ ಸ್ವಿಚ್‌ನೊಳಗೆ ಬೇರೆ ಬೇರೆ ಮಾಡಿದ ನೆಟ್‌ವರ್ಕ್. ಆಮೇಲೆ ಆ ಎರಡರ ನಡುವೆ ರೂಟಿಂಗ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾರಿ). ಆಮೇಲೆ ಡಿಎಚ್‌ಸಿಪಿ, ನ್ಯಾಟ್ (ಹಲವು ಸಾಧನ ಒಂದೇ ಹೊರಗಿನ ವಿಳಾಸ ಹಂಚಿಕೊಳ್ಳೋದು), ಆಕ್ಸೆಸ್ ಲಿಸ್ಟ್ (ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅನ್ನುವ ಪಟ್ಟಿ). ಕೊನೆಗೆ ಮೂರು ರೂಟರ್ ಇಟ್ಟು ಓಎಸ್‌ಪಿಎಫ್, ಅಂದರೆ ರೂಟರ್‌ಗಳೇ ಮಾತಾಡಿಕೊಂಡು ದಾರಿ ಕಂಡುಕೊಳ್ಳುವ ವಿಧಾನ. ಪ್ರತಿಯೊಂದೂ ಕೆಲಸ ಮಾಡಿದ ಮೇಲೆ ಬೇಕಂತಲೇ ಒಂದು ಕಡೆ ಕೆಡಿಸಿ. ಇನ್ನೂ ಒಳ್ಳೆಯದು, ಗೆಳೆಯನ ಕೈಲಿ ಕೆಡಿಸಿ ನೀವು ಹುಡುಕಿ.

ಅದೇ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್) ಹಾಕಿ ಉಬುಂಟು ಲಿನಕ್ಸ್ ಓಡಿಸಿ. ಲಿನಕ್ಸ್ ಬಾರದ ನೆಟ್‌ವರ್ಕ್ ಅಡ್ಮಿನ್‌ಗೆ ಅರ್ಧ ಬಾಗಿಲು ಮುಚ್ಚಿದ ಹಾಗೆ. ಹೋಗಿ ಬರುವ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ಹಾಕಿ ನಿಮ್ಮದೇ ಲ್ಯಾಪ್‌ಟಾಪ್ ಹೊಸದೊಂದು ವೈಫೈಗೆ ಸೇರುವಾಗ ನಡೆಯುವ ಡಿಎಚ್‌ಸಿಪಿ ಮಾತುಕತೆ ನೋಡಿ. "ಯಾರಾದರೂ ವಿಳಾಸ ಕೊಡ್ತೀರಾ?" "ಇದು ತಗೋ." "ಸರಿ, ಇದೇ ಬೇಕು." "ಆಯ್ತು, ನಿನ್ನದೇ." ನಾಲ್ಕೇ ಪ್ಯಾಕೆಟ್. ಒಮ್ಮೆ ಕಣ್ಣಾರೆ ಕಂಡರೆ ಮರೆಯೋದಿಲ್ಲ.

ಹೆಜ್ಜೆ 4: ಕೆಳಗಿನಿಂದ ಮೇಲಕ್ಕೆ ಹುಡುಕಿ

ಕಲಿಕೆಯಲ್ಲಿ ಜಾಸ್ತಿ ಹೊತ್ತು ಕಳೆಯಬೇಕಾದ್ದು ಇಲ್ಲಿ. "ನೆಟ್ ಬರ್ತಿಲ್ಲ" ಅಂತ ಫೋನ್ ಬಂದ ಕೂಡಲೇ ರೂಟರ್ ರೀಸೆಟ್ ಮಾಡಿ ಅನ್ನಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಪಿನ್ ಚುಚ್ಚಿ ರೀಸೆಟ್ ಮಾಡಿಬಿಟ್ಟರೆ ಸೆಟ್ಟಿಂಗ್ ಎಲ್ಲ ಅಳಿಸಿ, ಅರ್ಧ ಗಂಟೆಯ ಕೆಲಸ ಅರ್ಧ ದಿನ ಆಗುತ್ತದೆ.

ಮೊದಲು ದೀಪ ಕೇಳಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ, ತಂತಿ ಎಲ್ಲೋ ತುಂಡಾಗಿದೆ ಅಥವಾ ಮಡಚಿದೆ. ನಿಮ್ಮ ಕಮಾಂಡ್ ಯಾವುದೂ ಅಲ್ಲಿ ನಡೆಯೋದಿಲ್ಲ, ಲೈನ್‌ನವರನ್ನು ಕರೆಯಿರಿ. ದೀಪ ಸರಿ ಇದ್ದೂ ಆಗಾಗ ಕಡಿಯುತ್ತಿದ್ದರೆ ಪೆಟ್ಟಿಗೆಯ ಪುಟದಲ್ಲಿ ಆಪ್ಟಿಕಲ್ ಪವರ್ ನೋಡಿ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚೆನ್ನ, ಮೈನಸ್ 27ರ ಹತ್ತಿರ ಹೋಗಿದ್ದರೆ ಯಾವ ಹೊತ್ತಿಗೂ ಬೀಳಬಹುದು.

ಆಮೇಲೆ ಗೇಟ್‌ವೇಗೆ ಪಿಂಗ್, ಅಂದರೆ "ಇದ್ದೀಯಾ?" ಅಂತ ಕೇಳುವ ಕಮಾಂಡ್. ಬರದಿದ್ದರೆ ತೊಂದರೆ ಮನೆಯೊಳಗೇ ಇದೆ. ಬಂದರೆ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್. ಅದೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಮೊದಲು ಡಿಎನ್‌ಎಸ್ ಮೇಲೆ ಅನುಮಾನ ಪಡಿ, ಹೆಸರಿಗೆ ಸಂಖ್ಯೆ ಕೇಳುವ ಎನ್‌ಎಸ್‌ಲುಕಪ್ ಕಮಾಂಡ್ ಹಾಕಿ ನೋಡಿ. ಇಷ್ಟೇ ಸಾಲು. ಇದನ್ನು ಮುರಿಯದೆ ನಡೆದರೆ ಬಹಳಷ್ಟು ದೂರುಗಳಿಗೆ ಹತ್ತು ನಿಮಿಷದಲ್ಲಿ ಜಾಗ ಗೊತ್ತಾಗುತ್ತದೆ.

ಸಾಲು ಮುರಿದು ನಾನು ಪಟ್ಟ ಪಾಡು ಕೇಳಿ. ಮಡಿಕೇರಿ ಹತ್ತಿರದ ಒಂದು ಹೋಂಸ್ಟೇ, ಮೂರು ದಿನದ ರಜೆ, ಎಲ್ಲ ರೂಮು ಭರ್ತಿ. ಕೆಲವರ ಫೋನಿಗೆ ನೆಟ್ ಬರುತ್ತದೆ, ಕೆಲವರಿಗಿಲ್ಲ. ಒಂದೇ ಮಂಚದ ಮೇಲೆ ಕೂತ ಗಂಡನಿಗೆ ಬರುತ್ತದೆ, ಹೆಂಡತಿಗಿಲ್ಲ. ನಾನು ಮೊದಲು ವೈಫೈ ಚಾನೆಲ್ ಬದಲಿಸಿದೆ. ಆಮೇಲೆ ವೈಫೈ ಬಿತ್ತರಿಸುವ ಆಕ್ಸೆಸ್ ಪಾಯಿಂಟ್ ಬದಲಿಸಿದೆ. ಎರಡು ಗಂಟೆ ಹೋಯಿತು. ಕೊನೆಗೆ ನನ್ನದೇ ಲ್ಯಾಪ್‌ಟಾಪ್‌ನಲ್ಲಿ ಬಂದ ವಿಳಾಸ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆದು ನೋಡಿದರೆ ಗೇಟ್‌ವೇ 192.168.0.1. ನಾನು ಹಾಕಿದ್ದು 192.168.10.1! ಹಾಗಾದರೆ ಇನ್ನೊಬ್ಬ ಯಾರೋ ವಿಳಾಸ ಹಂಚುತ್ತಿದ್ದಾನೆ.

"ಆಂಟಿ, ಹೊಸ ರೂಟರ್ ಏನಾದ್ರೂ ತಂದ್ರಾ?" ಅಂದೆ.

"ಮಗ ಮೊನ್ನೆ ಮೇಲಿನ ರೂಮಿಗೆ ಅಂತ ಒಂದು ತಂದು ಸಿಕ್ಕಿಸಿದ. ಯಾಕೆ ಮರಿ, ಸಿಕ್ಕಿಸಬಾರದಿತ್ತಾ?"

ಮಗ ಅದರ ಲ್ಯಾನ್ ಪೋರ್ಟಿಗೆ ನಮ್ಮ ಕೇಬಲ್ ಹಾಕಿದ್ದ. ಅದರ ಡಿಎಚ್‌ಸಿಪಿ ಚಾಲೂ ಇತ್ತು. ಯಾವ ಫೋನಿಗೆ ಅದರ ಉತ್ತರ ಮೊದಲು ತಲುಪಿತೋ ಆ ಫೋನಿಗೆ ನೆಟ್ ಇಲ್ಲ. ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ನಮ್ಮ ಸಾಲಿನ ಒಂದು ವಿಳಾಸ ಕೊಟ್ಟೆ. ಎರಡು ನಿಮಿಷದ ಕೆಲಸ. ಈಗ ಎಲ್ಲಿಗೆ ಹೋದರೂ ಮೊದಲು ನೋಡೋದು ನನ್ನ ಲ್ಯಾಪ್‌ಟಾಪ್‌ಗೆ ಯಾವ ವಿಳಾಸ ಬಂತು ಅಂತ.

ಹೆಜ್ಜೆ 5: ಊರಲ್ಲಿ ಒಂದೆರಡು ನಿಜವಾದ ಜಾಗ

ಗುರುತಿನವರ ಒಂದು ಹೋಂಸ್ಟೇ, ಒಂದು ಅಂಗಡಿ, ಒಂದು ತೋಟದ ಆಫೀಸ್ ಹಿಡಿಯಿರಿ. ಅತಿಥಿಗಳ ವೈಫೈಯನ್ನು ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಬೇರೆ ವಿಎಲ್ಯಾನ್‌ಗೆ ಹಾಕಿಕೊಡಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್ ಬಿಟ್ಟು ಬೇರೆ ಹಾಕಬೇಡಿ. ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸಿ. ರೂಟರ್‌ಗೂ ಫೈಬರ್ ಪೆಟ್ಟಿಗೆಗೂ ಸಣ್ಣ ಯುಪಿಎಸ್ ಕೊಡಿಸಿ. ದುಡ್ಡು ಕಡಿಮೆಯಾದರೂ ತಗೊಳ್ಳಿ. ಪುಕ್ಕಟೆ ಮಾಡಿದ ಕೆಲಸಕ್ಕೆ ಬೆಲೆಯೂ ಇಲ್ಲ, ಕೊನೆಯೂ ಇಲ್ಲ.

ತೋಟದ ಮಾಲೀಕರು ಮೊದಲು ಕೇಳೋದು ಕ್ಯಾಮೆರಾ. ಬೆಂಗಳೂರಿನಲ್ಲಿ ಕೂತು ಕಾಫಿ ಕಣ ನೋಡಬೇಕು. ನೀವು ಪುಸ್ತಕದಲ್ಲಿ ಇದ್ದ ಹಾಗೆ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತೀರಿ, ಅಂದರೆ ಹೊರಗಿನಿಂದ ಕ್ಯಾಮೆರಾಕ್ಕೆ ರೂಟರ್‌ನಲ್ಲಿ ಒಂದು ಬಾಗಿಲು ತೆರೆಯುತ್ತೀರಿ. ಬರೋದಿಲ್ಲ. ರೂಟರ್‌ನ ಹೊರಗಿನ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಇದ್ದರೆ ನೆಟ್ ಕೊಡುವ ಕಂಪನಿ ನಿಮ್ಮನ್ನು ತನ್ನದೇ ನ್ಯಾಟ್ ಹಿಂದೆ ಕೂರಿಸಿದೆ, ಹೊರಗಿನಿಂದ ಯಾರೂ ನೇರ ಒಳಗೆ ಬರಲಾರರು. ಆಗ ಸ್ಟ್ಯಾಟಿಕ್ ಐಪಿ (ಬದಲಾಗದ ಹೊರಗಿನ ವಿಳಾಸ) ಕೇಳಬೇಕು, ಇಲ್ಲವೇ ವಿಪಿಎನ್ (ಬೇರೆಯವರು ನುಗ್ಗಲಾಗದ ಖಾಸಗಿ ದಾರಿ) ಹಾಕಬೇಕು. ನನ್ನ ಮತ ಕೇಳಿದರೆ ವಿಪಿಎನ್. ಕ್ಯಾಮೆರಾ ಪೆಟ್ಟಿಗೆಯ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಡೋದು ಒಳ್ಳೆಯದಲ್ಲ.

ಹೋದ ಕಡೆಯೆಲ್ಲ ಒಂದು ನಕ್ಷೆ ಬರೆಯಿರಿ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ, ಯಾವ ಪೋರ್ಟ್, ಯಾವ ವಿಳಾಸ. ಪಾಸ್‌ವರ್ಡ್ ಪಟ್ಟಿಯ ಪ್ರತಿ ಮಾಲೀಕರ ಕೈಗೆ ಕೊಡಿ. ಅದನ್ನು ಬಚ್ಚಿಟ್ಟು "ನನ್ನನ್ನೇ ಕರೀಬೇಕು" ಅನ್ನುವ ಚಾಳಿ ನಮ್ಮಲ್ಲಿ ಕೆಲವರಿಗಿದೆ, ಅದು ಬೇಡ. ಇನ್ನೊಂದು ಎಚ್ಚರಿಕೆ: ಕಲಿಯುವ ಹುಮ್ಮಸ್ಸಿನಲ್ಲಿ ಪಕ್ಕದವರ ವೈಫೈ ಮುರಿಯೋಕೆ ಹೋಗಬೇಡಿ. ಅನುಮತಿ ಇಲ್ಲದೆ ಒಳಗೆ ಹೋಗೋದು 2000ದ ಐಟಿ ಕಾಯ್ದೆಯಡಿ ಅಪರಾಧ.

ಹೆಜ್ಜೆ 6: ಸಿಸಿಎನ್‌ಎ

ಸಿಸಿಎನ್‌ಎ ಅಂದರೆ ನೆಟ್‌ವರ್ಕ್ ಕೆಲಸಕ್ಕೆ ಸಿಸ್ಕೋ ಕೊಡುವ ಸರ್ಟಿಫಿಕೇಟ್. ಪರೀಕ್ಷೆಯ ಸಂಖ್ಯೆ 200-301. ಎರಡು ಗಂಟೆ. ಶುಲ್ಕ 300 ಡಾಲರ್, ತೆರಿಗೆ ಬೇರೆ. ಫೇಲಾದರೆ ಮತ್ತೆ ಅಷ್ಟೂ ಕಟ್ಟಬೇಕು. ಪಾಸಾದರೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಬರೆಯೋಕೆ ಇಂತಿಷ್ಟೇ ಓದಿರಬೇಕು ಅನ್ನುವ ನಿಯಮ ಇಲ್ಲ. ಐಪಿ ಕನೆಕ್ಟಿವಿಟಿ, ಅಂದರೆ ರೂಟಿಂಗ್ ಭಾಗಕ್ಕೇ ನೂರಕ್ಕೆ 25 ಪಾಲು. ಆಟೊಮೇಷನ್‌ಗೆ 10. ಮೇಲಿನ ಹೆಜ್ಜೆಗಳನ್ನು ಕೈಯಾರೆ ಮಾಡಿದ್ದರೆ, ದಿನಕ್ಕೆ ಎರಡು ಗಂಟೆಯಂತೆ ಆರು ತಿಂಗಳ ಓದು ನನ್ನ ಅಂದಾಜು.

ಮನೆಯಿಂದಲೂ ಬರೆಯಬಹುದು. ನಮ್ಮಲ್ಲಿ, ಅದೂ ಮಳೆಗಾಲದಲ್ಲಿ, ಆ ಸಾಹಸ ಬೇಡ. ನಡುವೆ ಕರೆಂಟ್ ಹೋದರೆ ಮುನ್ನೂರು ಡಾಲರ್ ನೆನೆದು ಕೈಕಾಲು ನಡುಗುತ್ತದೆ. ಬೆಂಗಳೂರಿನ ಪರೀಕ್ಷಾ ಕೇಂದ್ರದಲ್ಲಿ ದಿನ ಗೊತ್ತು ಮಾಡಿ, ಹಿಂದಿನ ದಿನವೇ ಹೋಗಿ ಉಳಿಯಿರಿ. ಖಾತೆಯಲ್ಲಿರುವ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ಮನೆತನದ ಹೆಸರು ಮುಂದೋ ಹಿಂದೋ ಅನ್ನುವ ಗೊಂದಲ ನಮ್ಮವರಿಗೆ ಜಾಸ್ತಿ, ಮೊದಲೇ ಸರಿ ಮಾಡಿಕೊಳ್ಳಿ. ಸೋರಿದ ಪ್ರಶ್ನೆಗಳ ಡಂಪ್ ಓದಿ ಪಾಸಾದವರನ್ನು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಹಿಡಿಯುತ್ತಾರೆ.

ಹೆಜ್ಜೆ 7: ಮೊದಲ ಕೆಲಸ

"ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್" ಅನ್ನುವ ಹೆಸರಿನಲ್ಲೇ ಹುಡುಕಿದರೆ ಹೊಸಬರಿಗೆ ಸಿಗೋದು ಕಡಿಮೆ. ಡೆಸ್ಕ್‌ಟಾಪ್ ಸಪೋರ್ಟ್, ಫೀಲ್ಡ್ ಎಂಜಿನಿಯರ್, ನಾಕ್ ಎಂಜಿನಿಯರ್ (ನೆಟ್‌ವರ್ಕ್ ಮೇಲೆ ಸದಾ ಕಣ್ಣಿಡುವ ಕೇಂದ್ರದ ಕೆಲಸ), ಎಲ್1 ಸಪೋರ್ಟ್ (ದೂರು ಮೊದಲು ಬರುವ ಹಂತ), ಈ ಹೆಸರುಗಳಲ್ಲಿ ನೋಡಿ. ಜಿಲ್ಲೆಯೊಳಗೆ ಫೈಬರ್ ಕೊಡುವ ಕೇಬಲ್ ಆಪರೇಟರ್‌ಗಳು, ರೆಸಾರ್ಟ್‌ಗಳು, ಕಾಲೇಜು, ಆಸ್ಪತ್ರೆ. ಬ್ಯಾಂಕ್ ಶಾಖೆಗಳ, ಸರ್ಕಾರಿ ಕಚೇರಿಗಳ ನೆಟ್‌ವರ್ಕ್ ಕೆಲಸ ಹೆಚ್ಚಾಗಿ ಗುತ್ತಿಗೆ ಕಂಪನಿಗಳ ಮೂಲಕ ನಡೆಯುತ್ತದೆ. ಡಿಪ್ಲೊಮಾ, ಡಿಗ್ರಿ ಮುಗಿಸಿದವರು ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಅಪ್ರೆಂಟಿಸ್‌ಶಿಪ್‌ಗೂ ಹೆಸರು ಹಾಕಿ, ಸ್ಟೈಪೆಂಡ್ ಸಿಗುತ್ತದೆ. ಆಮೇಲೆ ಮೈಸೂರು, ಬೆಂಗಳೂರು. ನಾಕ್ ಕೆಲಸದಲ್ಲಿ ರಾತ್ರಿ ಪಾಳಿ ಇರುತ್ತದೆ. ಮನೆಯಲ್ಲಿ ಮೊದಲೇ ಹೇಳಿಬಿಡಿ.

ರೆಸ್ಯೂಮೆಯಲ್ಲಿ "ಕಷ್ಟಪಟ್ಟು ದುಡಿಯುವವನು" ಅಂತ ಬರೆಯುವ ಜಾಗದಲ್ಲಿ ಹೀಗೆ ಬರೆಯಿರಿ: ಹನ್ನೆರಡು ರೂಮಿನ ಹೋಂಸ್ಟೇಗೆ ಮೂರು ವಿಎಲ್ಯಾನ್, ನಾಲ್ಕು ಆಕ್ಸೆಸ್ ಪಾಯಿಂಟ್, 180 ಮೀಟರ್ ಫೈಬರ್ ಹಾಕಿದ್ದೇನೆ. ಆ ನಕ್ಷೆಯನ್ನು ಮಾಲೀಕರ ಅನುಮತಿ ಕೇಳಿ, ಪಾಸ್‌ವರ್ಡ್ ತೆಗೆದು, ಜೊತೆಗೆ ಒಯ್ಯಿರಿ. ನಿಮ್ಮದೇ ಕಾಗದದ ಮೇಲಿನ ಪ್ರಶ್ನೆಗೆ ಉತ್ತರ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಕೆಲಸಕ್ಕೆ ಮೊದಲು ಡಿಪಾಸಿಟ್ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮೊದಲ ವರ್ಷದಲ್ಲಿ ಕಾಪಾಡುವ ಒಂದು ಅಭ್ಯಾಸ

ನಾನು ಆಗ ಮೈಸೂರಿನಲ್ಲಿದ್ದೆ. ಸೋಮವಾರಪೇಟೆ ಕಡೆಯ ಒಂದು ತೋಟದ ರೂಟರ್‌ಗೆ ದೂರದಿಂದಲೇ ಸೇರಿಕೊಂಡು ಯಾರನ್ನು ಒಳಗೆ ಬಿಡಬೇಕು ಅಂತ ತೀರ್ಮಾನಿಸುವ ಫೈರ್‌ವಾಲ್‌ನ ಒಂದು ಸಾಲು ಬದಲಿಸಿದೆ. ಎಂಟರ್ ಒತ್ತಿದೆ. ಕರ್ಸರ್ ನಿಂತಲ್ಲೇ ನಿಂತಿತು. ನಾನು ಮುಚ್ಚಿದ್ದು ನಾನೇ ಒಳಗೆ ಹೋಗಿದ್ದ ಬಾಗಿಲು.

ಅದು ಸಿಸ್ಕೋ ಆಗಿದ್ದರೆ ರೈಟರ್‌ಗೆ ಫೋನ್ ಮಾಡಿ "ಪ್ಲಗ್ ತೆಗೆದು ಹಾಕಿ ಅಣ್ಣ" ಅಂದರೆ ಮುಗಿಯುತ್ತಿತ್ತು. ಸಿಸ್ಕೋದಲ್ಲಿ ನೀವು ಸೇವ್ ಮಾಡುವವರೆಗೆ ಬದಲಾವಣೆ ಬರೀ ನೆನಪಿನಲ್ಲಿರುತ್ತದೆ, ಕರೆಂಟ್ ಹೋಗಿ ಬಂದರೆ ಹಳೆಯದೇ ಓಡುತ್ತದೆ. ಇದು ಮೈಕ್ರೋಟಿಕ್ ಅನ್ನುವ ಬೇರೆ ಕಂಪನಿಯ ರೂಟರ್. ಎಂಟರ್ ಒತ್ತಿದ್ದೇ ಸೇವ್. ಸಂಜೆ ಬಸ್ ಹತ್ತಿದೆ. ಮಳೆ. ಕುಶಾಲನಗರದಲ್ಲಿ ಬಸ್ ಬದಲಿಸಿ, ಅಲ್ಲಿಂದ ಜೀಪ್ ಹಿಡಿದು ತೋಟ ಮುಟ್ಟಿದಾಗ ರೈಟರಣ್ಣ ಟಾರ್ಚ್ ಹಿಡಿದು ಗೇಟಲ್ಲಿ ನಿಂತಿದ್ದರು.

"ಏನಪ್ಪಾ, ಮೈಸೂರಿಂದ ಒಂದು ಬಟನ್ ಒತ್ತೋಕೆ ಬಂದ್ಯಾ?"

ಹೌದು, ಅದಕ್ಕೇ. ಕೇಬಲ್ ಸಿಕ್ಕಿಸಿ, ಮೈಕ್ರೋಟಿಕ್‌ನ ವಿನ್‌ಬಾಕ್ಸ್ ಸಾಫ್ಟ್‌ವೇರ್‌ನಲ್ಲಿ ಮ್ಯಾಕ್ ವಿಳಾಸದ (ಸಾಧನಕ್ಕೆ ಫ್ಯಾಕ್ಟರಿಯಲ್ಲೇ ಕೊಟ್ಟ ಗುರುತು) ಮೂಲಕ ಒಳಗೆ ಹೋಗಿ, ಆ ಒಂದು ಸಾಲು ಅಳಿಸಿದೆ. ಅಂದಿನಿಂದ ಮೈಕ್ರೋಟಿಕ್ ಮುಟ್ಟುವ ಮೊದಲು ಸೇಫ್ ಮೋಡ್ ಹಾಕುತ್ತೇನೆ. ಸಂಪರ್ಕ ಕಡಿದರೆ ಅದು ಬದಲಾವಣೆಯನ್ನು ತಾನೇ ಹಿಂದಕ್ಕೆ ತಗೊಳ್ಳುತ್ತದೆ. ಸಿಸ್ಕೋ ಆದರೆ ಮೊದಲು "ರೀಲೋಡ್ ಇನ್ 10" (ಹತ್ತು ನಿಮಿಷ ಬಿಟ್ಟು ರೀಸ್ಟಾರ್ಟ್ ಆಗು) ಅನ್ನುವ ಕಮಾಂಡ್ ಕೊಡುತ್ತೇನೆ. ಹತ್ತು ನಿಮಿಷದಲ್ಲಿ ನಾನು ರದ್ದು ಮಾಡದಿದ್ದರೆ ಅದು ತಾನೇ ಹಳೇ ಸ್ಥಿತಿಗೆ ಮರಳುತ್ತದೆ. ಎಲ್ಲ ಸರಿ ಬಂದ ಮೇಲೆ ಆ ರೀಲೋಡ್ ರದ್ದು ಮಾಡೋದು ಮಾತ್ರ ಮರೆಯಬಾರದು. ಅದನ್ನೂ ಒಮ್ಮೆ ಮರೆತಿದ್ದೇನೆ.